ದತ್ತು ತಂದ ನಾಯಿ ಮಂಚದ ಕೆಳಗಿಂದ ಬರ್ತಿಲ್ಲ, ಏನ್ ಮಾಡೋದು?

ಪ್ರಶ್ನೆ (ಕೊಥ್ರೂಡ್, ಪುಣೆ): ಡಾಕ್ಟರ್ ಸರ, ನಮಸ್ಕಾರ್ರಿ. ಶೆಲ್ಟರ್‌ನಿಂದ ಮೂರು ವರ್ಷದ ಹೆಣ್ಣು ನಾಯಿ ತಂದೀವ್ರಿ. ದೇಸಿ, 15 ಕೆಜಿ, ಮರಿ ಆಗದಂಗ ಆಪರೇಶನ್ ಆಗೈತಿ. ಇವತ್ತಿಗೆ ನಾಲ್ಕನೇ ದಿನ. ಮಂಚದ ಕೆಳಗ ಕುಂತದ್ದು ಹೊರಗ ಬರವಲ್ದು. ಹಗಲೆಲ್ಲ ತಿನ್ನಂಗಿಲ್ಲ, ರಾತ್ರಿ ನಾವು ಮಲಗಿದ ಮ್ಯಾಲೆ ಎದ್ದು ತಿಂತೈತಿ. ಕೆಳಗ ಕರಕೊಂಡು ಹೋದ್ರ ಉಚ್ಚಿ ಮಾಡೂದಿಲ್ಲ, ಮನಿಗೆ ಬಂದು ಕಾರ್ಪೆಟ್ ಮ್ಯಾಲೆ ಮಾಡ್ತೈತಿ. ಲಿಫ್ಟ್ ಕಂಡ್ರ ನಡಗತೈತಿ. ಅತ್ತಿಯವರು ಹಾಲು-ಚಪಾತಿ ಹಾಕ್ರಿ ಅಂತಾರ. ಎಲ್ಲಿ ತಪ್ಪಾಗೈತ್ರಿ?

ಉತ್ತರ (ಪಶುವೈದ್ಯ): ತಪ್ಪೇನೂ ಆಗಿಲ್ಲ ಮೇಡಂ. ರಾತ್ರಿ ಎದ್ದು ತಿನ್ನುತ್ತಿದೆಯಲ್ಲ, ಅದು ಒಳ್ಳೆಯ ಲಕ್ಷಣ. ಹೊಟ್ಟೆ ಸರಿಯಿದೆ, ಭಯ ಮಾತ್ರ ಇಳಿದಿಲ್ಲ. ಮೂರು ದಿನ ಗಾಬರಿ, ಮೂರು ವಾರಕ್ಕೆ ದಿನಚರಿ, ಮೂರು ತಿಂಗಳಿಗೆ ನಂಬಿಕೆ ಎಂದು ಶೆಲ್ಟರ್‌ನವರು ಹೇಳುವುದುಂಟು. ಅದು ಬರೀ ಅಂದಾಜು. ಬೀದಿಯಲ್ಲಿ ಬೆಳೆದು ಆಮೇಲೆ ಗೂಡಿನಲ್ಲಿದ್ದ ನಾಯಿಗೆ ಇನ್ನೂ ಹೆಚ್ಚು ಸಮಯ ಬೇಕಾಗಬಹುದು.

ಮಂಚದ ಕೆಳಗಿಂದ ಎಳೆಯಬೇಡಿ, ಕೈ ಹಾಕಬೇಡಿ. ನಾಯಿ ಕಚ್ಚುವುದು ಹೆಚ್ಚಾಗಿ ಇಂಥ ಹೊತ್ತಲ್ಲೇ, ಅದಕ್ಕೆ ಓಡಲು ಬೇರೆ ದಾರಿ ಇಲ್ಲದಾಗ. ಜನ ಹಾಯದ ಮೂಲೆಯಲ್ಲಿ ಒಂದು ಮೇಜಿನ ಮೇಲೆ ಬೆಡ್‌ಶೀಟ್ ಇಳಿಬಿಟ್ಟು ಕೆಳಗೆ ಹಳೆ ಚಾದರ ಹಾಕಿ, ಎರಡಡಿ ದೂರದಲ್ಲಿ ನೀರು ಇಡಿ. ದಿನಕ್ಕೆ ನಾಲ್ಕೈದು ಸಲ ಅದಕ್ಕೆ ಪಕ್ಕ ತಿರುಗಿ, ಕಣ್ಣು ಕೊಡದೆ ನೆಲದ ಮೇಲೆ ಕೂತು, ಬೇಯಿಸಿದ ಚಿಕನ್ನನ್ನು ಕಡಲೆಕಾಳಿನಷ್ಟು ತುಂಡು ಮಾಡಿ ಅದರತ್ತ ಎಸೆಯಿರಿ. ಐದು ನಿಮಿಷ ಸಾಕು, ಎದ್ದು ಹೋಗಿ. ನಾಯಿ ತಾನಾಗಿ ಬಂದು ಮೂಸುವ ತನಕ ಮುಟ್ಟುವುದು ಬೇಡ. ಬಂದಾಗಲೂ ತಲೆ ಸವರಬೇಡಿ, ಎದೆ ಅಥವಾ ಕತ್ತಿನ ಪಕ್ಕ ಮೂರು ಸೆಕೆಂಡ್ ಕೆರೆದು ಕೈ ತೆಗೆಯಿರಿ. ಇನ್ನೂ ಬೇಕಿದ್ದರೆ ಅದೇ ಹತ್ತಿರ ಬರುತ್ತದೆ. ನಾಲಗೆಯಿಂದ ತುಟಿ ಸವರಿಕೊಳ್ಳುವುದು, ನಿದ್ದೆಯಿಲ್ಲದ ಆಕಳಿಕೆ, ಕಣ್ಣಿನ ಬಿಳಿ ಕಾಣುವಂತೆ ಓರೆ ನೋಟ ಇವು ಕಂಡರೆ ದೂರ ಸರಿಯಿರಿ. ನಾಯಿ ನೋಡೋಕೆ ಬರುತ್ತೇವೆ ಅನ್ನುವ ನೆಂಟರಿಗೆ ಎರಡು ವಾರ ಆಮೇಲೆ ಬನ್ನಿ ಅನ್ನಿ. ಸ್ನಾನವೂ ಸದ್ಯ ಬೇಡ.

ಊಟದಲ್ಲಿ ಅತ್ತೆಯವರ ಮಾತು ಪಕ್ಕಕ್ಕಿಡಿ. ಬೆಳೆದ ನಾಯಿಗಳಲ್ಲಿ ಅನೇಕಕ್ಕೆ ಹಾಲು ಜೀರ್ಣವಾಗದೆ ಭೇದಿ ಹತ್ತುತ್ತದೆ. ಶೆಲ್ಟರ್‌ನಲ್ಲಿ ಏನು ಹಾಕುತ್ತಿದ್ದರೋ ಮೊದಲ ವಾರ ಅದನ್ನೇ ಹಾಕಿ. ಬದಲಿಸಬೇಕಿದ್ದರೆ ಕಾಲು ಪಾಲು ಹೊಸತು, ಅರ್ಧ, ಮುಕ್ಕಾಲು, ಹೀಗೆ ಏಳು ದಿನದಲ್ಲಿ. ಆಪರೇಶನ್ ಆದ 15 ಕೆಜಿ ನಾಯಿಗೆ ದಿನಕ್ಕೆ ಸುಮಾರು 850 ಕ್ಯಾಲೊರಿ ಸಾಕು. 100 ಗ್ರಾಂಗೆ 350 ಕ್ಯಾಲೊರಿ ಇರುವ ಕಿಬಲ್ (ನಾಯಿಯ ಒಣ ಆಹಾರ) ಆದರೆ ದಿನಕ್ಕೆ 240 ಗ್ರಾಂ, ಎರಡು ಹೊತ್ತಿಗೆ ಹಂಚಿ. ಅರ್ಧ ಗಂಟೆ ಇಟ್ಟು, ತಿನ್ನದಿದ್ದರೆ ತೆಗೆದಿಡಿ, ಆದರೆ ಈ ಶಿಸ್ತು ಎರಡನೇ ವಾರದಿಂದ. ಸದ್ಯ ರಾತ್ರಿ ತಿನ್ನಲಿ ಬಿಡಿ. ನೀರು ಮುಕ್ಕಾಲು ಲೀಟರಿನ ಆಸುಪಾಸು ಕುಡಿಯಬೇಕು. ಒಗ್ಗರಣೆ ಹಾಕಿದ ಸಾರು-ಅನ್ನ ಬೇಡ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ ನಾಯಿಗೆ ವಿಷ.

ಉಚ್ಚೆಯ ವಿಷಯ. ಬಯಲಲ್ಲಿ ಭಯವಿದ್ದರೆ ಕಟ್ಟಿಕೊಂಡಿರುತ್ತದೆ, ಮನೆ ಸುರಕ್ಷಿತ ಅನಿಸಿದೊಡನೆ ಬಿಡುತ್ತದೆ. ಹಟವಲ್ಲ ಅದು. ಕಾರ್ಪೆಟ್ ಸುತ್ತಿಡಿ, ಮೆತ್ತನೆಯ ನೆಲ ಅದಕ್ಕೆ ಹುಲ್ಲಿನಂತೆ. ಬೆಳಗ್ಗೆ 5:30ರ ಹೊತ್ತಿಗೆ, ಸ್ಕೂಟರು-ವಾಚ್‌ಮನ್ ಗದ್ದಲ ಶುರುವಾಗುವ ಮುಂಚೆ, ದಿನವೂ ಒಂದೇ ಮಣ್ಣಿನ ಮೂಲೆಗೆ ಕರೆದೊಯ್ದು ಹದಿನೈದು ನಿಮಿಷ ಸುಮ್ಮನೆ ನಿಲ್ಲಿ. ಮಾಡಿದರೆ ಮುಗಿಸಿದ ತಕ್ಷಣ ಅಲ್ಲೇ ತಿಂಡಿ, ಮನೆಗೆ ಬಂದಮೇಲೆ ಅಲ್ಲ. ಆಮೇಲೆ ನಾಲ್ಕು ಗಂಟೆಗೊಮ್ಮೆ, ಉಂಡಮೇಲೆ, ನಿದ್ದೆಯಿಂದ ಎದ್ದಾಗ. ಒಳಗೆ ಮಾಡಿದರೆ ಗದರಿಸಬೇಡಿ. ನಿಮ್ಮೆದುರು ಮಾಡಬಾರದು ಎಂಬ ಪಾಠ ಮಾತ್ರ ಕಲಿಯುತ್ತದೆ, ಆಮೇಲೆ ಹೊರಗೂ ನಿಮ್ಮೆದುರು ಮಾಡುವುದಿಲ್ಲ. ಫಿನೈಲ್ ನಮ್ಮ ಮೂಗಿಗಷ್ಟೇ ವಾಸನೆ ಮುಚ್ಚುತ್ತದೆ, ಉಚ್ಚೆಯ ವಾಸನೆಯನ್ನೇ ಒಡೆಯುವ ಎನ್‌ಝೈಮ್ ಇರುವ ಕ್ಲೀನರ್ ಬಳಸಿ.

ಲಿಫ್ಟಿಗೆ ಅವಸರವಿಲ್ಲ. ಮೆಟ್ಟಿಲು ಹತ್ತಬಲ್ಲದಾದರೆ ಅದೇ ಇರಲಿ. ಲಿಫ್ಟೇ ಬೇಕಿದ್ದರೆ ಮೊದಲು ಬಾಗಿಲು ತೆರೆದಿಟ್ಟು ಹೊರಗೆ ತಿಂಡಿ, ಮರುದಿನ ಹೊಸ್ತಿಲಲ್ಲಿ, ಆಮೇಲೆ ಒಳಗೆ, ಕೊನೆಗೆ ಒಂದೇ ಮಹಡಿ.

24 ಗಂಟೆ ಉಚ್ಚೆಯೇ ಇಲ್ಲ, ಎರಡು ದಿನ ಏನೂ ತಿಂದಿಲ್ಲ, ವಾಂತಿ, ಭೇದಿಯಲ್ಲಿ ರಕ್ತ, ಮೂಗಿನಿಂದ ರಕ್ತ, ಕಾಫಿ ಬಣ್ಣದ ಉಚ್ಚೆ, ಇವುಗಳಲ್ಲಿ ಒಂದು ಕಂಡರೂ ಆ ದಿನವೇ ವೈದ್ಯರ ಬಳಿ ಹೋಗಿ. ರಕ್ತ ಹೀರುವ ಉಣ್ಣೆ ಹುಳ ಕಚ್ಚಿ ಬರುವ ಜ್ವರದಲ್ಲೂ ನಾಯಿ ಹೀಗೇ ಮಂಕಾಗಿ ಕಾಣುತ್ತದೆ. ‘ಹೆದರಿದೆ’ ಎಂದು ಬಿಟ್ಟರೆ ಅಷ್ಟರಲ್ಲಿ ರಕ್ತದ ಪ್ಲೇಟ್‌ಲೆಟ್ ಇಳಿದಿರುತ್ತದೆ.

ಪ್ರಶ್ನೆ (ಚಿಂಚವಡ): ನಮ್ಮದು ಬಟ್ಟಲ ಹತ್ರ ಹೋದ್ರೆ ಗುರ್ ಅನ್ನುತ್ತೆ ಸರ್. ಮನೇಲಿ ಆರು ವರ್ಷದ ಮಗು ಇದೆ. ಬಟ್ಟಲು ಕಸ್ಕೊಂಡು ಅಭ್ಯಾಸ ಮಾಡ್ಸಿ ಅಂತ ಒಬ್ರು ಹೇಳಿದ್ರು.

ಉತ್ತರ: ಕಸಿಯಬೇಡಿ. ‘ಕಸಿಯುತ್ತಾರೆ’ ಎಂಬ ಅದರ ಅನುಮಾನವನ್ನು ನೀವೇ ನಿಜ ಮಾಡಿದ ಹಾಗೆ. ಗುರ್ ಅನ್ನುವುದಕ್ಕೂ ಹೊಡೆಯಬೇಡಿ. ಎಚ್ಚರಿಕೆ ಕೊಡುವುದನ್ನು ಬಿಟ್ಟು ಒಮ್ಮೆಲೇ ಕಚ್ಚುವ ನಾಯಿ ಅದಕ್ಕಿಂತ ಅಪಾಯ. ಅದು ತಿನ್ನುವುದನ್ನು ನಿಲ್ಲಿಸದಷ್ಟು ದೂರದಿಂದ, ಆರಡಿ ಇರಬಹುದು, ಚಿಕನ್ ತುಂಡೊಂದನ್ನು ಬಟ್ಟಲಿನತ್ತ ಎಸೆದು ಹೊರಟುಹೋಗಿ. ನಿಮ್ಮನ್ನು ಕಂಡು ಬಾಲ ಸಡಿಲವಾಗಿ ಆಡಿಸತೊಡಗಿದ ಮೇಲೆ ಅರ್ಧ ಅಡಿ ಹತ್ತಿರ. ಮಗು ಇದರಲ್ಲಿ ಸೇರುವುದೇ ಬೇಡ. ನಾಯಿಯ ಊಟ ಬಾಗಿಲು ಹಾಕಿದ ಕೋಣೆಯಲ್ಲಿ.

ಪ್ರಶ್ನೆ (ಹಿಂಜವಡಿ): ಇಬ್ಬರೂ ಆಫೀಸಿಗೆ ಹೋಗ್ಬೇಕು. ಬಾಗಿಲು ಹಾಕಿದ್ರೆ ಊಳಿಡುತ್ತೆ ಅಂತ ಪಕ್ಕದ ಫ್ಲ್ಯಾಟ್‌ನವರ ದೂರು.

ಉತ್ತರ (ತರಬೇತುದಾರರು): ಹಳೆ ಮೊಬೈಲನ್ನು ಕ್ಯಾಮೆರಾ ಮಾಡಿ ಮೊದಲ ಅರ್ಧ ಗಂಟೆ ನೋಡಿ. ಜೊಲ್ಲು ಸುರಿಸಿ, ಬಾಗಿಲು ಕೆರೆದು, ತಿಂಡಿಯನ್ನೂ ಮುಟ್ಟದಿದ್ದರೆ ಒಂಟಿತನದ ಭಯ. ಬೀಗದ ಕೈ ಎತ್ತಿ ಮತ್ತೆ ಇಡುವುದು, ಹೊರಗೆ ಹೋಗಿ ಹತ್ತು ಸೆಕೆಂಡಿಗೆ ಬರುವುದು, ಇಲ್ಲಿಂದ ಶುರು. ಅಳುವ ಮುಂಚೆ ವಾಪಸಾಗಬೇಕು. ಒಂದು ನಿಮಿಷ, ಮೂರು, ಐದು ಎಂದು ಏರಿಸಿ. ಈ ವಾರಗಳಲ್ಲಿ ಪೂರ್ತಿ ದಿನ ಒಂಟಿ ಬಿಟ್ಟರೆ ಕಲಿತದ್ದೆಲ್ಲ ಅಳಿಸುತ್ತದೆ, ಹಾಗಾಗಿ ಪಾಳಿಯಲ್ಲಿ ರಜೆ ಅಥವಾ ನೋಡಿಕೊಳ್ಳುವವರನ್ನು ಹೊಂದಿಸಿ.

ಪ್ರಶ್ನೆ (ಕೊಥ್ರೂಡ್): ಸರ, ಗಣಪತಿ ಹತ್ತಿರ ಬಂತು. ನದಿ ಕಡೆ ಢೋಲ್-ತಾಶಾ ಪ್ರಾಕ್ಟೀಸ್ ಆಗಲೇ ಶುರು ಆಗೈತ್ರಿ.

ಉತ್ತರ (ಪಶುವೈದ್ಯ): ಹೊಸ ನಾಯಿ ಕಳೆದುಹೋಗುವುದು ಇಂಥ ಸದ್ದಿಗೇ ಮೇಡಂ. ಹಾರ್ನೆಸ್ (ಎದೆಗೆ ಕಟ್ಟುವ ಪಟ್ಟಿ) ಒಂದು, ಕೊರಳಪಟ್ಟಿ ಒಂದು, ಎರಡಕ್ಕೂ ಬೇರೆ ಬೇರೆ ಲೀಶ್. ಪಟ್ಟಿಯೊಳಗೆ ಎರಡೇ ಬೆರಳು ಹೋಗಬೇಕು. ಫೋನ್ ನಂಬರಿನ ಬಿಲ್ಲೆ ಇವತ್ತೇ ಹಾಕಿ. ಢೋಲ್ ತಾಲೀಮು ಶುರುವಾಗುವ ಮುಂಚೆ ವಾಕಿಂಗ್ ಮುಗಿಯಲಿ. ಸಂಜೆ ಒಳಗಿನ ಕೋಣೆ, ಕಿಟಕಿಗೆ ದಪ್ಪ ಪರದೆ, ಫ್ಯಾನ್ ಜೋರಾಗಿ. ಸದ್ದಾದಾಗ ತಿಂಡಿ ಕೊಟ್ಟರೆ ಭಯಕ್ಕೆ ಬಹುಮಾನ ಕೊಟ್ಟಂತಾಗುವುದಿಲ್ಲ, ಧಾರಾಳವಾಗಿ ಕೊಡಿ. ವಿಸರ್ಜನೆಯ ದಿನಕ್ಕೆ ಮಾತ್ರೆ ಬೇಕಾದರೆ ಎರಡು ವಾರ ಮೊದಲೇ ಪರೀಕ್ಷೆ ಮಾಡಿಸಿ, ಮನೆಯಲ್ಲಿ ಒಮ್ಮೆ ಕೊಟ್ಟು ನೋಡಬೇಕು. ಎಸಿಪ್ರೊಮಝೀನ್ ಎಂಬ ಮಂಪರು ಔಷಧಿ ಒಂದನ್ನೇ ಬರೆದುಕೊಟ್ಟರೆ ಬೇರೆ ಔಷಧಿ ಕೇಳಿ: ಅದು ಮೈಯನ್ನು ಮಂಪರು ಮಾಡುತ್ತದೆ, ಭಯ ಹಾಗೇ ಉಳಿಯುತ್ತದೆ.