‘ಅಸುರಕ್ಷಿತ ಸಂಪರ್ಕ’ ಎಂದರೆ ‘ಕಾಂಡೋಮ್ ಬಳಸದೆ’ ಎಂದೇ ಅರ್ಥವೇ?

ಗಂಡು-ಹೆಣ್ಣಿನ ನಡುವೆ ಎಚ್‌ಐವಿ ಹರಡದಂತೆ ತಡೆಯುವ ಬಗ್ಗೆ ಕನ್ನಡದಲ್ಲಿ ಏನೇ ಓದಿದರೂ ‘ಅಸುರಕ್ಷಿತ ಲೈಂಗಿಕ ಸಂಪರ್ಕ’ ಎಂಬ ಮಾತು ಮತ್ತೆ ಮತ್ತೆ ಎದುರಾಗುತ್ತದೆ. ಬರೆದವರ ಮನಸ್ಸಿನಲ್ಲಿರುವುದು ‘ಕಾಂಡೋಮ್ ಬಳಸದೆ’ ಎಂದಷ್ಟೇ. ಇವೆರಡನ್ನೂ ಒಂದೇ ಎಂದುಕೊಂಡು ಬಳಸುವುದು ಈಗಲೂ ಸರಿಯೇ? ಬಲ್ಲವರು ತಿಳಿಸಬೇಕು.

ಕಾಂಡೋಮ್ ಬಿಟ್ಟರೆ ಬೇರೆ ಸಾಧನವೇ ಇಲ್ಲವೆಂಬಂತಿದ್ದ ಕಾಲಕ್ಕೆ ಈ ಪದ ಸಾಕಾಗಿತ್ತು. 2011ರಲ್ಲಿ ಎಚ್‌ಪಿಟಿಎನ್ 052 ಅಧ್ಯಯನದ ಫಲಿತಾಂಶ ಬಂತು. ಒಬ್ಬರಿಗೆ ಸೋಂಕಿದ್ದು ಇನ್ನೊಬ್ಬರಿಗೆ ಇಲ್ಲದ ಜೋಡಿಗಳ ಅಧ್ಯಯನ ಅದು, ಬಹುಪಾಲು ಗಂಡು-ಹೆಣ್ಣು ಜೋಡಿಗಳೇ. ಸೋಂಕಿರುವವರು ಎಆರ್‌ಟಿ, ಅಂದರೆ ಎಚ್‌ಐವಿಯನ್ನು ಹತ್ತಿಕ್ಕುವ ಔಷಧ, ಬೇಗ ಶುರುಮಾಡಿದರೆ ಸಂಗಾತಿಗೆ ಸೋಂಕು ದಾಟುವುದು ಶೇ. 96ರಷ್ಟು ತಗ್ಗುತ್ತದೆ ಎಂದು ಅದು ತೋರಿಸಿತು. ಮರುವರ್ಷವೇ ಅಮೆರಿಕದಲ್ಲಿ ಪ್ರೆಪ್ ಮಾತ್ರೆಗೆ, ಅಂದರೆ ಸೋಂಕಿಲ್ಲದವರು ಮುಂಚಿತವಾಗಿ ನುಂಗುವ ಮಾತ್ರೆಗೆ, ಒಪ್ಪಿಗೆ ಸಿಕ್ಕಿತು. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅಪಾಯ ಹೆಚ್ಚಿರುವ ಎಲ್ಲರಿಗೂ ಅದನ್ನು ಶಿಫಾರಸು ಮಾಡಿತು. ಈಗಂತೂ ಮಾತ್ರೆಯ ಬದಲು ವರ್ಷಕ್ಕೆ ಎರಡೇ ಸಲ ಚುಚ್ಚಿಸಿಕೊಳ್ಳುವ ಲೆನಕಾಪವಿರ್ ಎಂಬ ಪ್ರೆಪ್ ಔಷಧ ಬಂದಿದೆ.

ಹೀಗಿರುವಾಗ, ತಪ್ಪದೆ ಔಷಧ ತೆಗೆದುಕೊಂಡು ರಕ್ತದಲ್ಲಿ ವೈರಸ್ ಪತ್ತೆಯೇ ಆಗದ ಮಟ್ಟದಲ್ಲಿ ಉಳಿದಿರುವ ಗಂಡ, ಮಗು ಬೇಕೆಂದು ಕಾಂಡೋಮ್ ಬಿಟ್ಟ ದಂಪತಿ. ಇವರದು ‘ಅಸುರಕ್ಷಿತ’ವೇ? ಎಚ್‌ಐವಿ ಮಟ್ಟಿಗೆ ಖಂಡಿತ ಅಲ್ಲ; ವೈರಸ್ ಹಾಗೆ ಪತ್ತೆಯಾಗದ ಮಟ್ಟದಲ್ಲಿ ಉಳಿದರೆ ಸಂಭೋಗದಿಂದ ಸೋಂಕು ದಾಟುವುದಿಲ್ಲ. ಹಾಗೆ ಬರೆದರೆ ವಿಜ್ಞಾನವೂ ತಪ್ಪು, ಅವರ ಮೇಲೆ ಇಲ್ಲದ ಆರೋಪ ಹೊರಿಸಿದಂತೆಯೂ ಆಗುತ್ತದೆ. ಹಾಗೆಂದು ಪ್ರೆಪ್ ನುಂಗಿ ಕಾಂಡೋಮ್ ಬಿಟ್ಟವರನ್ನು ‘ಸುರಕ್ಷಿತ’ರ ಪಟ್ಟಿಗೆ ಸೇರಿಸುವುದೂ ಕಷ್ಟ. ಪ್ರೆಪ್ ಸಿಫಿಲಿಸನ್ನು ತಡೆಯದು, ಗೊನೊರಿಯಾವನ್ನು ತಡೆಯದು, ಬಸಿರನ್ನಂತೂ ತಡೆಯದು. ‘ಸುರಕ್ಷಿತ’ ಎಂಬುದು ‘ಯಾವುದರಿಂದ?’ ಎಂಬ ಪಂಚಮಿ ವಿಭಕ್ತಿಯನ್ನು ಬೇಡುವ ಪದ. ನಾವು ಆ ಪಂಚಮಿಯನ್ನೇ ನುಂಗಿಬಿಟ್ಟಿದ್ದೇವೆ.

ಬಳಕೆಯ ಏರಿಳಿತ ಹೇಳುವಾಗ ಇದು ಇನ್ನೂ ತೊಡಕು. (‘ಕಾಂಡೋಮ್ ಬಳಕೆಯ ಪ್ರವೃತ್ತಿ’ ಎಂದು ಬರೆಯುವವರಿದ್ದಾರೆ. ಅದು ಯಾರದೋ ಸ್ವಭಾವದ ವರ್ಣನೆಯಂತೆ ಕೇಳಿಸುತ್ತದೆ!) ಕಾಂಡೋಮ್ ಬಳಕೆ ಇಳಿಯಿತು ಎಂಬ ಅಂಕಿಯನ್ನು ‘ಅಸುರಕ್ಷಿತ ಸಂಪರ್ಕ ಹೆಚ್ಚಿತು’ ಎಂದು ಕನ್ನಡಿಸಿದರೆ ಒಮ್ಮೆ ನಿಜ, ಒಮ್ಮೆ ಸುಳ್ಳು. ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ವಿಭಾಗದ 2024ರ ವರದಿಯಲ್ಲಿ, ಲೈಂಗಿಕ ಅನುಭವವಿರುವ 15ರ ಹುಡುಗರಲ್ಲಿ ಕಳೆದ ಸಲ ಕಾಂಡೋಮ್ ಬಳಸಿದವರು 2014ರ ಶೇ. 70ರಿಂದ 2022ಕ್ಕೆ ಶೇ. 61ಕ್ಕೆ ಇಳಿದಿದ್ದಾರೆ. ಅಲ್ಲಿ ಇಳಿದದ್ದು ರಕ್ಷಣೆಯೇ. ಮೇಲಿನ ದಂಪತಿಗೂ ಈ ಹುಡುಗರಿಗೂ ಒಂದೇ ಪದ ಹೊಂದುವುದು ಹೇಗೆ?

ಜೊತೆಗೆ ‘ನಿಯಮಿತ’ವೂ ನನ್ನನ್ನು ಕಾಡುತ್ತಿದೆ. ‘ಕಾಂಡೋಮನ್ನು ನಿಯಮಿತವಾಗಿ ಬಳಸಿದರೆ ಸೋಂಕು ಸುಮಾರು ಶೇ. 80ರಷ್ಟು ತಗ್ಗುತ್ತದೆ’ ಎಂದು ಬರೆಯುತ್ತಾರೆ. ಗಂಡು-ಹೆಣ್ಣು ಜೋಡಿಗಳ ಅಧ್ಯಯನಗಳಿಂದ ಬಂದ ಆ ಅಂಕಿ, ಒಂದು ಸಲವೂ ಬಿಡದೆ ಬಳಸಿದವರದು. ವಾರಕ್ಕೊಮ್ಮೆ ವಾಕಿಂಗ್ ಹೋಗುವವನೂ ಕನ್ನಡದಲ್ಲಿ ನಿಯಮಿತವಾಗಿಯೇ ಹೋಗುತ್ತಾನೆ. ಕಂಪನಿಗಳ ಬೋರ್ಡಿನ ಮೇಲಂತೂ ಆ ಪದಕ್ಕೆ ಅರ್ಥವೇ ಬೇರೆ. ‘ಪ್ರತಿ ಸಲವೂ’ ಎಂದರೆ ಆಯಿತಲ್ಲ! ಸಮೀಕ್ಷೆಗಳು ಹೆಚ್ಚಾಗಿ ಕೇಳುವುದು ‘ಕಳೆದ ಸಲ ಬಳಸಿದಿರಾ?’ ಎಂದು. ಅದಕ್ಕೆ ಹೌದೆಂದವರನ್ನೆಲ್ಲ ‘ನಿಯಮಿತ ಬಳಕೆದಾರರು’ ಎಂದು ಬರೆಯುವುದು ಇನ್ನೊಂದು ಅವಾಂತರ.

ಮೊದಲ ಪ್ರಶ್ನೆಗೆ ನನ್ನ ಒಲವು ನೇರವಾಗಿ ‘ಕಾಂಡೋಮ್ ಬಳಸದ ಸಂಭೋಗ’ ಎನ್ನುವುದರ ಕಡೆಗೆ. ‘ಕಾಂಡೋಮ್‌ರಹಿತ’ ಕಚೇರಿ ಕಡತದ ಹಾಗಿದೆ. ‘ಕಾಂಡೋಮ್ ಇಲ್ಲದ’ ಎಂದರೆ ಹುಡುಕಿದರೂ ಸಿಗಲಿಲ್ಲವೇನೋ ಅನ್ನಿಸುತ್ತದೆ. ‘ನಿರೋಧ’ವನ್ನು ತಂದರೆ ‘ಗರ್ಭನಿರೋಧಕ’ದ ನೆರಳು ಬಿದ್ದು ಸೋಂಕಿನ ಮಾತು ಹಿಂದೆ ಸರಿಯುತ್ತದೆ. ಆದರೆ ಕೋಷ್ಟಕದ ತಲೆಬರಹಕ್ಕೆ ಮೂರು ಪದ ಉದ್ದವಾಯಿತು. ನೀವು ಅಲ್ಲಿ ಏನು ಬರೆಯುತ್ತೀರಿ? ಈಗಾಗಲೇ ಬಳಕೆಯಲ್ಲಿರುವ ಚಿಕ್ಕ ಮಾತು ಏನಾದರೂ ಇದೆಯೇ?