ಭೋಗ್ಯದ ದುಡ್ಡು ವಾಪಸ್ ಕೇಳಿದರೆ ‘ಮನೆಯನ್ನೇ ತಗೊಳ್ಳಿ’ ಅಂತಿದ್ದಾರೆ. ತಗೊಳ್ಳಬಹುದಾ?

ಪ್ರಶ್ನೆ (ಮೈಸೂರಿನ ಸದಸ್ಯೆ):

ನಮಸ್ಕಾರ ಮೇಡಂ. ನಾವು ರಾಮಕೃಷ್ಣನಗರದ ಕಡೆ ಒಂದು ಮನೆಯಲ್ಲಿ 8 ಲಕ್ಷಕ್ಕೆ ಭೋಗ್ಯಕ್ಕಿದ್ದೀವಿ. 20x30 ಸೈಟು, ನೆಲಮನೆ, ಎರಡು ರೂಮು. ನಮ್ಮನೆಯವರು ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಸೂಪರ್‌ವೈಸರ್, ಕೈಗೆ 54 ಸಾವಿರ ಬರುತ್ತೆ. ನಾನು ಮನೆಯಲ್ಲೇ ಬ್ಲೌಸ್ ಹೊಲಿದು ತಿಂಗಳಿಗೆ 15-16 ಸಾವಿರ ಮಾಡ್ತೀನಿ. ಸ್ವಂತ ಮನೆ ಅನ್ನೋದು ನಮ್ಮ ಲೆಕ್ಕದಲ್ಲೇ ಇರಲಿಲ್ಲ. ಮಗಳು ಪಿಯುಸಿಗೆ ಬಂದಳು, ಇನ್ನೊಂದು ರೂಮಿರೋ ಮನೆಗೆ ಹೋಗೋಣ ಅಂತ ಓನರ್‌ಗೆ ನಮ್ಮ ದುಡ್ಡು ರೆಡಿ ಮಾಡಿ ಅಂದ್ವಿ.

ಓನರ್ ಅಂಕಲ್ ಹೋದ ವರ್ಷ ತೀರಿಕೊಂಡರು. ಈಗ ವ್ಯವಹಾರ ಎಲ್ಲ ಬೆಂಗಳೂರಲ್ಲಿರೋ ಮಗನದು. ಆಂಟಿ ಮಗನ ಜೊತೆ ಇದ್ದಾರೆ, ಇಬ್ಬರು ಹೆಣ್ಣುಮಕ್ಕಳಲ್ಲಿ ಒಬ್ಬರು ಮಂಡ್ಯ, ಇನ್ನೊಬ್ಬರು ಅಮೆರಿಕ. ಆ ಮಗ ‘8 ಲಕ್ಷ ಎಲ್ಲಿಂದ ತರಲಿ, ಮನೆಯನ್ನೇ ತಗೊಳ್ಳಿ, 48ಕ್ಕೆ ಕೊಡ್ತೀನಿ, ನಿಮ್ಮ 8 ಅದರಲ್ಲೇ ಅಡ್ಜಸ್ಟ್’ ಅಂತಿದ್ದಾರೆ. ಈಗ 3 ಲಕ್ಷ ಕ್ಯಾಶ್ ಮುಂಗಡ ಕೊಟ್ಟು, ಹಳೇ ಭೋಗ್ಯದ ಪತ್ರ ಅವರಿಗೆ ವಾಪಸ್ ಕೊಟ್ಟು, ಹೊಸ ಅಗ್ರಿಮೆಂಟ್ ಮಾಡ್ಕೊಳ್ಳೋಣ ಅಂತಾರೆ. ಬ್ಯಾಂಕ್ ಲೋನ್ ಸಿಗುತ್ತಾ? ಆ 8 ಲಕ್ಷವನ್ನ ಬ್ಯಾಂಕಿನವರು ಒಪ್ತಾರಾ? ಪಿಎಂ ಆವಾಸ್ ಸಬ್ಸಿಡಿ ಬರುತ್ತಾ?

ವಕೀಲೆಯ ಉತ್ತರ:

ಮೊದಲು ಆ ಭೋಗ್ಯದ ಪತ್ರವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ. ಕ್ರಯಪತ್ರ ನಿಮ್ಮ ಹೆಸರಿಗೆ ನೋಂದಣಿಯಾಗುವ ದಿನದವರೆಗೂ ಅದು ನಿಮ್ಮ ಹತ್ತಿರವೇ ಇರಬೇಕು. ನಿಮ್ಮದು ಸ್ಟಾಂಪ್ ಪೇಪರಿನ ಮೇಲೆ ಬರೆದ, ನೋಂದಣಿಯಾಗದ ಕರಾರು ಅಂದುಕೊಳ್ಳುತ್ತೇನೆ. ಮೈಸೂರಲ್ಲಿ ನೂರಕ್ಕೆ ತೊಂಬತ್ತು ಹಾಗೇ ಇರುತ್ತವೆ ಅಂತ ನನ್ನ ಅಂದಾಜು. 1882ರ ಆಸ್ತಿ ವರ್ಗಾವಣೆ ಕಾಯ್ದೆ ಪ್ರಕಾರ ಭೋಗ್ಯ, ಅಂದರೆ ಸ್ವಾಧೀನ ಸಹಿತ ಅಡಮಾನ, 100 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನದಾದರೆ ನೋಂದಣಿ ಆಗಲೇಬೇಕು. ಆಗಿಲ್ಲವಾದ್ದರಿಂದ ನಿಮ್ಮ 8 ಲಕ್ಷ ಇ.ಸಿ.ಯಲ್ಲಿ (ಆಸ್ತಿಯ ಮೇಲಿನ ನೋಂದಾಯಿತ ವ್ಯವಹಾರ ತೋರಿಸುವ ಋಣಭಾರ ಪತ್ರ) ಕಾಣುವುದಿಲ್ಲ. ಆ ದುಡ್ಡು ಕೊಟ್ಟಿದ್ದೀರಿ ಅನ್ನೋದಕ್ಕೆ ನಿಮ್ಮ ಕೈಲಿರುವುದು ಆ ಹಾಳೆ, ಹಣ ಹೋದ ಬ್ಯಾಂಕ್ ಸ್ಟೇಟ್‌ಮೆಂಟು, ಮತ್ತು ನೀವು ಅದೇ ಮನೆಯಲ್ಲಿ ವಾಸ ಇರುವುದು. ಮೂರನೆಯದು ಚಿಕ್ಕದಲ್ಲ. ಮನೆಯಲ್ಲಿ ಒಬ್ಬರು ವಾಸವಿದ್ದರೆ ಅವರಿಗೇನು ಹಕ್ಕಿದೆ ಅಂತ ವಿಚಾರಿಸುವುದು ಕೊಳ್ಳುವವನ ಹೊಣೆ ಅಂತ ಅದೇ ಕಾಯ್ದೆ ಹೇಳುತ್ತದೆ. ಹಾಗಾಗಿ ದುಡ್ಡು ಇತ್ಯರ್ಥವಾಗದೆ ಖಾಲಿ ಮಾಡಬೇಡಿ.

3 ಲಕ್ಷ ಕ್ಯಾಶ್ ಬೇಡವೇ ಬೇಡ. ಸ್ಥಿರಾಸ್ತಿಗೆ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಮುಂಗಡ ತೆಗೆದುಕೊಳ್ಳುವಂತಿಲ್ಲ, ಆದಾಯ ತೆರಿಗೆ ಕಾನೂನು ಅಷ್ಟೇ ಮೊತ್ತದ ದಂಡ ಹಾಕುತ್ತದೆ. ದಂಡ ಬೀಳುವುದು ತೆಗೆದುಕೊಂಡವರಿಗೆ, ಆದರೆ ಬ್ಯಾಂಕಿಗೆ ತೋರಿಸಲಾಗದ 3 ಲಕ್ಷದಿಂದ ನಿಮಗೇನು ಉಪಯೋಗ?

ಕ್ರಯದ ಕರಾರು ಬರೆಸುವಾಗ ಒಂದು ಸಾಲಿನ ಮೇಲೆ ಕಣ್ಣಿಡಿ. ‘ಈ ದಿನ ಸ್ವತ್ತಿನ ಸ್ವಾಧೀನವನ್ನು ಖರೀದಿದಾರರಿಗೆ ಬಿಟ್ಟುಕೊಡಲಾಗಿದೆ’ ಅಂತ ಪತ್ರ ಬರೆಯುವವರು ರೂಢಿಯಲ್ಲಿ ಹಾಕಿಬಿಡುತ್ತಾರೆ. ಕರ್ನಾಟಕದಲ್ಲಿ ಸ್ವಾಧೀನ ಸಹಿತ ಕರಾರಿಗೆ ಕ್ರಯಪತ್ರದಷ್ಟೇ ಸ್ಟಾಂಪ್ ಶುಲ್ಕ ಬೀಳುತ್ತದೆ. ನೀವು ಹೇಗೂ ಅದೇ ಮನೆಯಲ್ಲಿ ಇದ್ದೀರಿ, ಒಂದು ಸಾಲು ಹೆಚ್ಚಿಗೆ ಹೋದರೆ ಕರಾರಿನ ಹಂತದಲ್ಲೇ ಲಕ್ಷಗಟ್ಟಲೆ ಕಟ್ಟಬೇಕಾದೀತು. ‘ಖರೀದಿದಾರರು ಇಂಥ ದಿನಾಂಕದ ಭೋಗ್ಯದ ಕರಾರಿನಂತೆ ಸ್ವಾಧೀನದಲ್ಲಿದ್ದು, ಕ್ರಯಪತ್ರದವರೆಗೆ ಅದರಂತೆಯೇ ಮುಂದುವರಿಯುತ್ತಾರೆ, ಭೋಗ್ಯದ 8 ಲಕ್ಷವನ್ನು ಕ್ರಯದ ಮೊಬಲಗಿನಲ್ಲಿ ವಜಾ ಮಾಡಿಕೊಳ್ಳಲಾಗುವುದು’ ಅಂತ ಇರಲಿ. ಕ್ರಯ ನಡೆಯದೇ ಹೋದರೆ ಭೋಗ್ಯದ ಹಣ ಹಿಂದಿರುಗಿಸಬೇಕು ಅನ್ನುವ ಮಾತೂ ಸೇರಲಿ.

ಈಗ ಲೆಕ್ಕ. 30 ಲಕ್ಷದಿಂದ 75 ಲಕ್ಷದವರೆಗಿನ ಗೃಹಸಾಲಕ್ಕೆ ರಿಸರ್ವ್ ಬ್ಯಾಂಕ್ ಮಿತಿ ಮನೆ ಬೆಲೆಯ 80%. 48ಕ್ಕೆ 38.4 ಲಕ್ಷ. ಉಳಿದ 9.6ರಲ್ಲಿ ನಿಮ್ಮ 8 ಲಕ್ಷವನ್ನು ಬ್ಯಾಂಕು ನಿಮ್ಮ ಪಾಲಿನ ಹಣ ಅಂತ ಒಪ್ಪುತ್ತದೆ, ಅಂಕಲ್ ಖಾತೆಗೆ ಹೋದ ದಾಖಲೆ ಇದ್ದರೆ. ನೋಂದಣಿ ಖರ್ಚು ಇದಕ್ಕೆ ಹೊರತು, ಅದಕ್ಕೆ ಸಾಲ ಸಿಗುವುದಿಲ್ಲ. ಸ್ಟಾಂಪ್ ಶುಲ್ಕ 5%, ಅದರ ಮೇಲೆ ಸೆಸ್ಸು ಸರ್‌ಚಾರ್ಜು ಸೇರಿ 5.6%. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 1% ಇದ್ದದ್ದು 2% ಆಯಿತು. ಒಟ್ಟು 7.6%, ಅಂದರೆ 3 ಲಕ್ಷದ 65 ಸಾವಿರ.

ಕಂತಿನ ವಿಷಯ ಇದಕ್ಕಿಂತ ಮುಖ್ಯ. 38.4 ಲಕ್ಷಕ್ಕೆ 8% ಬಡ್ಡಿ, 20 ವರ್ಷ ಅಂದರೆ ತಿಂಗಳಿಗೆ 32 ಸಾವಿರ. ಬ್ಯಾಂಕಿನವರು ನಿಮ್ಮನೆಯವರ 54 ಸಾವಿರ ಒಂದನ್ನೇ ಹಿಡಿದು ಅರ್ಧವನ್ನು ಕಂತಿಗೆ ಬಿಟ್ಟರೆ 27 ಸಾವಿರ, ಅದಕ್ಕೆ ಸಾಲ ಸುಮಾರು 32 ಲಕ್ಷ. ನಿಮ್ಮ ಹೊಲಿಗೆ ಆದಾಯ ಲೆಕ್ಕಕ್ಕೆ ಬರಬೇಕಾದರೆ ಆದಾಯ ತೆರಿಗೆ ರಿಟರ್ನ್ ಸಲ್ಲಿಸಿರಬೇಕು. ಭೋಗ್ಯದಲ್ಲಿ ಇರುವವರ ತೊಂದರೆಯೇ ಇದು: ತಿಂಗಳ ಬಾಡಿಗೆ ಅಂತ ಕೊಟ್ಟೇ ಅಭ್ಯಾಸ ಇರುವುದಿಲ್ಲ. ಬಾಡಿಗೆಯವರಿಗೆ 15 ಸಾವಿರ ಹೋಗುತ್ತಿದ್ದದ್ದು 27 ಆಗುತ್ತದೆ, ನಿಮಗೆ ಸೊನ್ನೆಯಿಂದ 27. ಇವತ್ತಿನಿಂದಲೇ ಪ್ರತಿ ತಿಂಗಳು ಅಷ್ಟನ್ನು ಆರ್.ಡಿ.ಗೆ ಹಾಕಿ ನೋಡಿ. ಪತ್ರಗಳು ಸರಿಹೋಗುವ ಹೊತ್ತಿಗೆ ಕೈಲಿ ದುಡ್ಡೂ ಇರುತ್ತದೆ, ಸಂಸಾರ ತಡೆಯುತ್ತದೋ ಇಲ್ಲವೋ ಅದೂ ಗೊತ್ತಾಗುತ್ತದೆ.

ಪಿಎಂ ಆವಾಸ್ 2.0 ಬಡ್ಡಿ ಸಬ್ಸಿಡಿಗೆ ಮನೆ ಬೆಲೆ 35 ಲಕ್ಷದ ಒಳಗಿರಬೇಕು. ನಿಮಗಿಲ್ಲ, ಬಿಡಿ.

ಮೂಲ ಪತ್ರ ಏನಿದೆ ಅಂತ ನೀವು ಹೇಳಲಿಲ್ಲ. ಅದರ ಮೇಲೆ ಎಲ್ಲವೂ ನಿಂತಿದೆ.

ಒಬ್ಬ ಸದಸ್ಯರು:

ಅಕ್ಕಾ, 45 ಲಕ್ಷದ ಒಳಗೆ ತೋರಿಸಿದರೆ ಸ್ಟಾಂಪ್ 3% ಅಂತೆ. 45 ಅಂತ ಬರೆಸಿ, ಮಿಕ್ಕಿದ್ದು ಕೈಯಲ್ಲಿ ಕೊಡಿ.

ವಕೀಲೆ:

ಆ ರಿಯಾಯಿತಿ ಬಿಲ್ಡರ್‌ನಿಂದ ಮೊದಲ ಸಲ ನೋಂದಣಿಯಾಗುವ ಫ್ಲಾಟ್‌ಗೆ ಮಾತ್ರ. ಹಳೇ ಮನೆಗೆ 5%ನೇ. ಕಡಿಮೆ ಬರೆಸಿದರೆ ಸಾಲವೂ ಅಷ್ಟಕ್ಕೇ ಕಡಿಮೆಯಾಗುತ್ತದೆ, ಸಾಲದ ಮೇಲೆ ಕೊಳ್ಳುವವರಿಗೆ ಇದರಲ್ಲಿ ಲಾಭವೇ ಇಲ್ಲ. ತಪ್ಪು ಅನ್ನೋದು ಹಾಗಿರಲಿ.

ಇನ್ನೊಬ್ಬರು:

2005ರ ತಿದ್ದುಪಡಿ ಆದಮೇಲೆ ಹೆಣ್ಣುಮಕ್ಕಳ ಸಹಿ ಕಡ್ಡಾಯ. ಮಗ ಒಬ್ಬನೇ ಮಾರೋಕಾಗಲ್ಲ.

ವಕೀಲೆ:

ಸಹಿ ಬೇಕು ಅನ್ನೋದು ಸರಿ, ಕಾರಣ ಬೇರೆ. 2005ರದ್ದು ಪಿತ್ರಾರ್ಜಿತ, ಅವಿಭಕ್ತ ಕುಟುಂಬದ ಆಸ್ತಿಗೆ. ಇಲ್ಲಿ ಅಪ್ಪನ ಸ್ವಯಾರ್ಜಿತ ಸೈಟು, ವಿಲ್ ಇಲ್ಲದಿದ್ದರೆ 1956ರ ಉತ್ತರಾಧಿಕಾರ ಕಾಯ್ದೆಯಿಂದಲೇ ಹೆಂಡತಿ, ಮಗ, ಇಬ್ಬರು ಹೆಣ್ಣುಮಕ್ಕಳಿಗೆ ಸಮಪಾಲು. ಆಂಟಿಯನ್ನು ಎಲ್ಲರೂ ಮರೆಯುತ್ತಾರೆ. ನಾಲ್ಕರಲ್ಲಿ ಒಂದು ಪಾಲು ಅವರದು, ಅವರ ಸಹಿಯೂ ಬೇಕು. ವಂಶವೃಕ್ಷ ಮಾಡಿಸಲು ಹೇಳಿ.

ಪ್ರಶ್ನೆ ಕೇಳಿದವರು:

ಮೇಡಂ, ಮೂಲ ಪತ್ರದ ಫೋಟೋ ಕಳಿಸಿದರು. ಮೇಲೆ ‘ಲೀಸ್ ಕಂ ಸೇಲ್ ಅಗ್ರಿಮೆಂಟ್’ ಅಂತಿದೆ, 1994ರದ್ದು. ನಗರಾಭಿವೃದ್ಧಿ ಪ್ರಾಧಿಕಾರದ ಸೀಲು, ಅಂಕಲ್ ಸಹಿ. ಪಿನ್ನು ತುಕ್ಕು ಹಿಡಿದು ಹಾಳೆಗೆ ಅಂಟಿಕೊಂಡಿದೆ. ಜೊತೆಗೆ ಸ್ವಾಧೀನ ಪತ್ರ, ಕಂದಾಯದ ರಸೀದಿಗಳು, ಖಾತಾ. ಇಷ್ಟೇ ಇರೋದು ಅಂತಾರೆ. ಮನೆ ಅಂಕಲ್ ಹೆಸರಲ್ಲೇ ಇದೆ ಅಲ್ವಾ?

ವಕೀಲೆ:

ಪೂರ್ತಿಯಾಗಿ ಇಲ್ಲ. ಹಿಂದೆ ಪ್ರಾಧಿಕಾರಗಳು ಸೈಟು ಹಂಚುವಾಗ ಮೊದಲು ಈ ಕರಾರು ಕೊಡುತ್ತಿದ್ದವು. ಸಾಮಾನ್ಯವಾಗಿ ಹತ್ತು ವರ್ಷ ಮಾರಬಾರದು, ಹೇಳಿದ ಅವಧಿಯೊಳಗೆ ಮನೆ ಕಟ್ಟಬೇಕು ಅಂತ ಷರತ್ತು. ಅದೆಲ್ಲ ಪಾಲಿಸಿದ ಮೇಲೆ ಹೋಗಿ ಶುದ್ಧ ಕ್ರಯಪತ್ರ ಮಾಡಿಸಿಕೊಳ್ಳಬೇಕು. ಮನೆ ಕಟ್ಟಾಯಿತು, ಗೃಹಪ್ರವೇಶ ಆಯಿತು, ಕಂದಾಯ ಕಟ್ಟುತ್ತಿದ್ದೀವಿ, ಇನ್ನೇನು ಬೇಕು ಅಂತ ಬಿಟ್ಟವರು ಬೇಕಾದಷ್ಟು ಜನ ಇದ್ದಾರೆ. ಕಂದಾಯದ ರಸೀದಿ, ಖಾತಾ ಇವು ತೆರಿಗೆಯ ಲೆಕ್ಕಕ್ಕೆ. ಒಡೆತನ ಬರುವುದು ಕ್ರಯಪತ್ರದಿಂದ. ಅದಿಲ್ಲದೆ ನಾನು ಬ್ಯಾಂಕಿಗೆ ‘ಟೈಟಲ್ ಸರಿ ಇದೆ’ ಅಂತ ಬರೆದುಕೊಡುವುದಿಲ್ಲ, ಬೇರೆ ಯಾವ ವಕೀಲರೂ ಬರೆಯಬಾರದು.

ಗಾಬರಿ ಬೇಡ, ಇದು ವಾಸಿಯಾಗುವ ಕಾಯಿಲೆ. ಅವರು ಮರಣ ಪತ್ರ, ವಂಶವೃಕ್ಷ, ಎಲ್ಲ ವಾರಸುದಾರರ ಅಫಿಡವಿಟ್ ಕೊಟ್ಟು ಹಂಚಿಕೆಯನ್ನು ತಮ್ಮ ಹೆಸರಿಗೆ ವರ್ಗ ಮಾಡಿಸಿಕೊಳ್ಳಲಿ, ಶುದ್ಧ ಕ್ರಯಪತ್ರ ಪಡೆಯಲಿ, ಆಮೇಲೆ ಇ-ಖಾತಾ. ಇ-ಖಾತಾ ಇಲ್ಲದೆ ಈಗ ನೋಂದಣಿಯೇ ಆಗುವುದಿಲ್ಲ. ತಿಂಗಳುಗಳು ಹಿಡಿಯುತ್ತವೆ, ಖರ್ಚು ಅವರದು. ಕರಾರಿನಲ್ಲಿ ‘ಇಷ್ಟು ದಿನದೊಳಗೆ ಕ್ರಯ’ ಅಂತ ಬರೆಯದೆ, ‘ಈ ದಾಖಲೆಗಳು ಕೈಸೇರಿದ ಮೇಲೆ 90 ದಿನದೊಳಗೆ’ ಅಂತ ಬರೆಸಿ. ಇಲ್ಲದಿದ್ದರೆ ತಡ ಅವರದು, ಗಡುವು ಮೀರಿದ ಅಪವಾದ ನಿಮ್ಮದು.

ಅಮೆರಿಕದ ಮಗಳ ವಿಚಾರ. ಅವರು ಅನಿವಾಸಿಯಾಗಿದ್ದು ಮಾರಾಟಗಾರರಾಗಿ ಸಹಿ ಹಾಕಿ ಹಣ ಪಡೆದರೆ, ಅವರ ಪಾಲಿನ ಮೇಲೆ ಟಿಡಿಎಸ್ (ಹಣ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿದು ಕಟ್ಟುವುದು ಕೊಳ್ಳುವವರ ಜವಾಬ್ದಾರಿ. 50 ಲಕ್ಷದ ಒಳಗಿದ್ದರೆ ಟಿಡಿಎಸ್ ಇಲ್ಲ ಅನ್ನುವುದು ಇಲ್ಲಿ ವಾಸವಿರುವ ಮಾರಾಟಗಾರರಿಗೆ ಮಾತ್ರ. ಅನಿವಾಸಿಗೆ ಆ ಮಿತಿ ಇಲ್ಲ, ದರವೂ 1% ಅಲ್ಲ, ಬಹಳ ಹೆಚ್ಚು. ಹಿಡಿಯದಿದ್ದರೆ ನೋಟಿಸ್ ಬರುವುದು ನಿಮ್ಮ ಮನೆಗೆ. ಅವರಿಗೆ ಪಾಲು ಬೇಡವಾಗಿದ್ದರೆ ದುಡ್ಡು ಪಡೆಯದೆ ತಮ್ಮನ ಹೆಸರಿಗೆ ಹಕ್ಕು ಬಿಡುಗಡೆ ಪತ್ರ ನೋಂದಣಿ ಮಾಡಿಕೊಡಬಹುದು, ಆಗ ಈ ರಗಳೆ ಇಲ್ಲ. ಬೇಕಾಗಿದ್ದರೆ ಅದು ಅವರ ಹಕ್ಕು, ಆಡಿಟರ್ ಮೂಲಕ ತೆರಿಗೆ ಕಟ್ಟಿಯೇ ಮಾಡಿ. ಅವರು ಬರಲಾಗದಿದ್ದರೆ ಅಲ್ಲಿನ ಭಾರತೀಯ ಕಾನ್ಸುಲೇಟ್‌ನಲ್ಲಿ ಪವರ್ ಆಫ್ ಅಟಾರ್ನಿ ಬರೆದು ಕಳಿಸಲಿ. ಅದು ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಸ್ಟಾಂಪ್ ಶುಲ್ಕ ಕಟ್ಟಿಸಬೇಕು.

ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನ್‌ನಲ್ಲಿ ನೀವೇ ಇ.ಸಿ. ತೆಗೆದು ನೋಡಿ, ಅಂಕಲ್ ಎಲ್ಲಾದರೂ ಅಡ ಇಟ್ಟಿದ್ದರೆ ತಿಳಿಯಲಿ.

ಪ್ರಶ್ನೆ ಕೇಳಿದವರು (ಹಲವು ತಿಂಗಳ ನಂತರ):

ಮೇಡಂ, ಹೇಳಬೇಕು ಅನ್ನಿಸಿತು. ಶುದ್ಧ ಕ್ರಯಪತ್ರ ಆಯಿತು. ಇ.ಸಿ.ಯಲ್ಲಿ ಅಂಕಲ್ 2008ರಲ್ಲಿ ಮಾಡಿದ ಒಂದು ಸೊಸೈಟಿ ಸಾಲ ಕಾಣಿಸಿತು, ತೀರಿಸಿದ್ದರು, ಆದರೆ ಬಿಡುಗಡೆ ಪತ್ರ ಮಾಡಿಸಿರಲಿಲ್ಲ. ಅದನ್ನೂ ಮಾಡಿಸಿದರು. ಅಮೆರಿಕದ ಅಕ್ಕ ಯುಗಾದಿಗೆ ಬಂದಿದ್ದಾಗ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಬಂದು ತಮ್ಮನಿಗೆ ಬಿಡುಗಡೆ ಬರೆದುಕೊಟ್ಟರು. ಮಂಡ್ಯದವರು ಮಾತ್ರ ನನ್ನ ಪಾಲು ನನಗೆ ಬೇಕು ಅಂದರು, ಅವರೂ ಆಂಟಿಯೂ ಕ್ರಯಕ್ಕೆ ಸಹಿ ಹಾಕ್ತಾರೆ. ಬ್ರೋಕರ್ ಇಲ್ಲ, ಮನೆ ಖಾಲಿ ಮಾಡಿಸೋ ತಾಪತ್ರಯ ಇಲ್ಲ ಅಂತ ನಮ್ಮನೆಯವರು ಜಗ್ಗಿ ಜಗ್ಗಿ 46ಕ್ಕೆ ತಂದರು. ನಾನು ರಿಟರ್ನ್ ಹಾಕಿದೆ. 33 ಲಕ್ಷ ಸಾಲ ಮಂಜೂರಾಗಿದೆ, ಕಂತು 27,600. ಮಿಕ್ಕಿದ್ದು ಆರ್.ಡಿ., ಪಿಎಫ್, ಒಂದು ಚೀಟಿ, ನನ್ನ ಎರಡು ಬಳೆ. ಆರ್.ಡಿ. ಕಟ್ಟಿದ ತಿಂಗಳುಗಳಲ್ಲಿ ಎರಡು ಸಲ ಅಂಗಡೀಲಿ ಸಾಲ ಹೇಳಿದ್ದು ನಿಜ. ಮೂರನೇ ರೂಮು ಬೇಕು ಅಂತ ಹೊರಟವರು ಎರಡು ರೂಮಿನ ಮನೇನೇ ಕೊಳ್ತಿದ್ದೀವಿ, ಮಗಳು ಅದಕ್ಕೆ ಇನ್ನೂ ಮುನಿಸಿಕೊಂಡಿದ್ದಾಳೆ. ನನ್ನ ಹೆಸರಿಗೆ ಮಾಡಿಸಿದರೆ ಸ್ಟಾಂಪ್ ಕಡಿಮೆ ಆಗುತ್ತಾ?

ವಕೀಲೆ:

ಇಲ್ಲ, ಕೆಲವು ರಾಜ್ಯಗಳಲ್ಲಿ ಹೆಂಗಸರಿಗೆ ರಿಯಾಯಿತಿ ಇದೆ, ನಮ್ಮಲ್ಲಿಲ್ಲ. ಕೆಲವು ಬ್ಯಾಂಕುಗಳು ಬಡ್ಡಿಯಲ್ಲಿ 0.05% ಬಿಡುತ್ತವೆ, ಕೇಳಿ. ಸಾಲಕ್ಕೆ ಇಬ್ಬರೂ ಸಹಿ ಹಾಕುತ್ತಿದ್ದೀರಲ್ಲ, ಕ್ರಯಪತ್ರವೂ ಇಬ್ಬರ ಹೆಸರಿಗೇ ಇರಲಿ. ಎರಡು ಬಳೆ ನಿಮ್ಮವು. ಸಾಲಕ್ಕೆ ಒಂದು ಟರ್ಮ್ ವಿಮೆಯನ್ನು ಹೊರಗಡೆ ತೆಗೆದುಕೊಳ್ಳಿ, ಬ್ಯಾಂಕಿನವರು ಸಾಲದ ಜೊತೆ ಸೇರಿಸಿ ಕೊಡುವುದೇ ಆಗಬೇಕೆಂದಿಲ್ಲ.

ಬೇರೊಬ್ಬ ಸದಸ್ಯರು:

ನಾವು ಬಾಡಿಗೆಗಿದ್ದೀವಿ, ಓನರ್ ಬೇರೆಯವರಿಗೆ ಮಾರ್ತಿದ್ದಾರೆ. ಇರೋರಿಗೇ ಮೊದಲು ಕೇಳಬೇಕು ಅಂತ ಕಾನೂನಿಲ್ವಾ?

ವಕೀಲೆ:

ನಿಮ್ಮ ಕರಾರಿನಲ್ಲಿ ಹಾಗೆ ಬರೆದಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಆದರೆ ಕೊಂಡವರು ಹಳೇ ಓನರ್ ಜಾಗದಲ್ಲಿ ನಿಲ್ಲುತ್ತಾರೆ, ಕರಾರಿನ ಅವಧಿ ಮುಗಿಯುವವರೆಗೆ ನೀವಿರಬಹುದು. ಅಡ್ವಾನ್ಸ್ ಹಣ ಯಾರು ಕೊಡಬೇಕು ಅನ್ನುವುದನ್ನು ಇಬ್ಬರಿಂದಲೂ ಬರಹದಲ್ಲಿ ತೆಗೆದುಕೊಳ್ಳಿ, ಈಗಲೇ.