ಡಾಲೋಟ್ ಕೆಟ್ಟ ಆಟಗಾರನಾ, ಇಲ್ಲಾ ನಿಲ್ಲಿಸಿದ ಜಾಗ ಕೆಟ್ಟದ್ದಾ?

ಕೆಂಪಂಗಿ ಶಿವಮೊಗ್ಗ

2024-25 ಸೀಸನ್ ಮುಗಿದು ಇಷ್ಟು ದಿನ ಆದ್ರೂ ನಮ್ಮ ಮ್ಯಾಂಚೆಸ್ಟರ್ ಯುನೈಟೆಡ್ ಆಟ ತಲೆಯಿಂದ ಇಳೀತಿಲ್ಲ. ಪ್ರೀಮಿಯರ್ ಲೀಗಲ್ಲಿ 38 ಮ್ಯಾಚಲ್ಲಿ 18 ಸೋಲು, 42 ಪಾಯಿಂಟ್, 15ನೇ ಸ್ಥಾನ. ಬಿಲ್ಬಾವೊದಲ್ಲಿ ಸ್ಪರ್ಸ್ ಎದುರು ಯುರೋಪಾ ಫೈನಲ್ ಕೂಡ ಕೈಬಿಟ್ಟು ಹೋಯ್ತು. ಸ್ಟ್ರೈಕರ್ ಹೊಯ್ಲುಂಡ್‌ಗೆ ಬೈಯೋರು ಬೈತಾ ಇದ್ದಾರೆ, ಗೋಲಿ ಒನಾನಾಗೆ ಬೈಯೋರು ಬೈತಾ ಇದ್ದಾರೆ. ನನಗೆ ಹೊಟ್ಟೆ ಉರಿಯೋದು ಡಿಫೆಂಡರ್ ಡಾಲೋಟ್ ವಿಷಯಕ್ಕೆ.

2023-24ರಲ್ಲಿ ಇದೇ ಹುಡುಗನಿಗೆ ಟೀಮಿನ ಆಟಗಾರರೇ ಓಟು ಹಾಕಿ ವರ್ಷದ ಆಟಗಾರ ಅಂತ ಪ್ರಶಸ್ತಿ ಕೊಟ್ಟಿದ್ರು. ಆ ಸೀಸನ್ ನೋಡಿದವರಿಗೆ ನೆನಪಿರುತ್ತೆ, ಡಿಫೆನ್ಸಲ್ಲಿ ಗಾಯ ಆಗದೆ ಉಳಿದವರೇ ಕಡಿಮೆ, ಇವನು ಮಾತ್ರ ವಾರ ವಾರ ಬಂದು ನಿಲ್ತಿದ್ದ. 2024ರ ನವೆಂಬರಲ್ಲಿ ಹೊಸ ಕೋಚ್ ಅಮೋರಿಮ್ ಬಂದ್ರು, ಹಿಂದೆ ಮೂವರನ್ನ ನಿಲ್ಲಿಸೋ 3-4-3 ತಂದ್ರು, ಅಂಚಿನ ಡಿಫೆಂಡರ್, ಅಂದ್ರೆ ಫುಲ್-ಬ್ಯಾಕ್ ಆಗಿದ್ದ ಡಾಲೋಟ್ ಅಂಚಲ್ಲೇ ಇನ್ನೂ ಮುಂದೆ ನಿಲ್ಲೋ ವಿಂಗ್-ಬ್ಯಾಕ್ ಆದ. ಅದೂ ಶಾ, ಮಲಾಸಿಯಾ ಗಾಯ ಅಂತ ಎಡಗಡೆಗೆ, ಬಲಗಾಲಿನವನನ್ನ! ಅಲ್ಲಿಂದ ಮುಂದೆ ಅವನ ಆಟ ಇಳೀತಾನೇ ಹೋಯ್ತು.

ನನ್ನ ಪ್ರಶ್ನೆ ಇಷ್ಟೇ. ಇವನನ್ನ ವಿಂಗ್-ಬ್ಯಾಕ್ ಅಂತ ತಿದ್ದೋಕಾಗುತ್ತಾ? ಅಥವಾ ಈ ಪದ್ಧತಿ ಇರೋವರೆಗೂ ಮಾರಿಬಿಡೋದೇ ಒಳ್ಳೇದಾ? ಪ್ಲೀಸ್, "ಅವನು ವೇಸ್ಟ್" ಅಂತ ಒಂದೇ ಸಾಲು ಬರೆದು ಹೋಗಬೇಡಿ. ಮ್ಯಾಚ್ ನೋಡಿದವರು ಬರೀರಿ.

ಮಂಗ್ಳೂರು ರೆಡ್

ನಾನು ಎಲ್ಲ ಮ್ಯಾಚ್ ನೋಡಿದ್ದೇನೆ ಮಾರಾಯ್ರೆ, ಹಾಗಾಗಿಯೇ ಹೇಳ್ತೇನೆ. ಜಾಗದ ದೋಷ ಸ್ವಲ್ಪ ಉಂಟು, ಆದರೆ ಪೂರ್ತಿ ಅದೇ ಅಲ್ಲ. ಅಮೋರಿಮ್ ಬರುವ ಮೊದಲೇ, ಹಿಂದಿನ ಕೋಚ್ ಟೆನ್ ಹಾಗ್ ಅವರ ಕೊನೆಯ ಮ್ಯಾಚಿನಲ್ಲಿ ವೆಸ್ಟ್ ಹ್ಯಾಮ್ ಎದುರು ಎಂತ ಆಯ್ತು? ಬ್ರೂನೊ ಪಾಸಿಗೆ ಒಳಗೆ ನುಗ್ಗಿ, ಗೋಲಿ ಫ್ಯಾಬಿಯಾನ್‌ಸ್ಕಿಯನ್ನು ದಾಟಿ, ಗೋಲು ಪೂರ್ತಿ ಖಾಲಿ ಇದ್ದಾಗ ಚೆಂಡನ್ನು ಬಾರಿನ ಮೇಲಿಂದ ಹೊರಗೆ ಹೊಡೆದ. ಆ ಮ್ಯಾಚ್ 2-1 ಸೋತೆವು. ಆಗ ಅವನು ವಿಂಗ್-ಬ್ಯಾಕ್ ಅಲ್ಲ, ನೀವು ಹೇಳುವ ಅದೇ ಫುಲ್-ಬ್ಯಾಕ್.

ಮತ್ತೆ ಜನವರಿಯಲ್ಲಿ ಎಫ್‌ಎ ಕಪ್, ಆರ್ಸೆನಲ್ ಎದುರು. ಎರಡನೇ ಹಳದಿ ಕಾರ್ಡ್ ತೆಗೊಂಡು ಹೊರಗೆ ಹೋದ, ಉಳಿದ ಹತ್ತು ಜನ ಎಕ್ಸ್‌ಟ್ರಾ ಟೈಮ್‌ವರೆಗೆ ಎಳೆದು ಪೆನಾಲ್ಟಿಯಲ್ಲಿ ಗೆದ್ದರು. ನಮ್ಮ ಗೋಲಿ ಬಾಯಿಂದಿರ್ ಅಡ್ಡ ನಿಲ್ಲದಿದ್ದರೆ ಆ ದಿನದ ಸೋಲು ಡಾಲೋಟ್ ತಲೆಗೇ ಬರ್ತಿತ್ತು. ಇದಕ್ಕೆಲ್ಲ 3-4-3 ಎಂತ ಮಾಡ್ಬೇಕು?

ಆಸ್ಟಿನ್‌ಟೌನ್ ನಂಬರ್ 2

ಮಂಗ್ಳೂರಿನವರು ಹೇಳಿದ ಎರಡೂ ಘಟನೆ ನಿಜ. ಆದ್ರೆ ಆ ಮಿಸ್ಸು, ಆ ಕಾರ್ಡು ಒಂದೊಂದು ಕ್ಷಣದ್ದು. ವಾರಕ್ಕೆ 90 ನಿಮಿಷ ಅವನ ಆಟ ಯಾಕೆ ಬಡವಾಯ್ತು ಅನ್ನೋದು ಬೇರೆ ಪ್ರಶ್ನೆ. ಅದಕ್ಕೆ ಸ್ವಲ್ಪ ಉದ್ದವಾಗೇ ಉತ್ತರ ಬರೀತೀನಿ, ಯಾಕಂದ್ರೆ ನಾನು ಬೆಂಗಳೂರು ಲೀಗಲ್ಲಿ ರೈಟ್-ಬ್ಯಾಕ್ ಆಡಿದವನು, ನಮ್ಮ ಕೋಚೂ ಒಂದು ಸೀಸನ್ ಹಿಂದೆ ಮೂವರನ್ನ ಹಾಕಿ ನನ್ನನ್ನ ಮುಂದಕ್ಕೆ ತಳ್ಳಿದ್ರು.

ಹೊರಗಿಂದ ನೋಡೋರಿಗೆ ವಿಂಗ್-ಬ್ಯಾಕ್ ಅಂದ್ರೆ ಜಾಸ್ತಿ ಓಡೋ ಫುಲ್-ಬ್ಯಾಕ್ ಅಷ್ಟೇ. ಒಳಗೆ ನಿಂತವನಿಗೆ ಇಡೀ ಮೈದಾನವೇ ಬೇರೆ ಥರ ಕಾಣುತ್ತೆ. ಫುಲ್-ಬ್ಯಾಕ್‌ಗೆ ಚೆಂಡು ಸಿಗೋದು ತನ್ನ ಅರ್ಧದಲ್ಲಿ. ಎದುರಿಗೆ ಮೂವತ್ತು-ನಲವತ್ತು ಗಜ ಖಾಲಿ, ಮುಂದೆ ಅವನದೇ ವಿಂಗರ್ ನಿಂತು ಎದುರಾಳಿ ಬ್ಯಾಕನ್ನ ಕಟ್ಟಿ ಹಾಕಿರ್ತಾನೆ. ಓಡಿ ಬಂದು ಆ ವಿಂಗರ್ ಹಿಂದೆ ಹಾಯ್ದು ಹೋದ್ರೆ ಅರ್ಧ ಕೆಲಸ ಆದ ಹಾಗೆ. ಡಾಲೋಟ್ ಬೆಳೆದಿದ್ದು ಈ ಓಟದ ಮೇಲೆ. ವಿಂಗ್-ಬ್ಯಾಕ್‌ಗೆ ಈ ಓಟವೇ ಇಲ್ಲ. ಅವನು ಮೊದಲೇ ಮೇಲೆ ಹೋಗಿ ಟಚ್‌ಲೈನ್ ಮೇಲೆ ನಿಂತಿರ್ತಾನೆ, ಚೆಂಡು ನಿಂತಲ್ಲಿಗೇ ಬರುತ್ತೆ. ಮುಂದೆ ವಿಂಗರ್ ಇಲ್ಲ, ಯಾಕಂದ್ರೆ ಅಮೋರಿಮ್ ಆಟದಲ್ಲಿ ಇಬ್ಬರು ನಂಬರ್ 10, ಅಂದ್ರೆ ಸ್ಟ್ರೈಕರ್ ಹಿಂದೆ ನಿಲ್ಲೋರು, ಒಳಗಡೆ ಆಡ್ತಾರೆ. ಅಂದ್ರೆ ಇವನೇ ವಿಂಗರ್. ಎದುರಾಳಿ ಒಂದು ಮಾರು ದೂರದಲ್ಲಿ. ಅಲ್ಲಿ ಅವನನ್ನ ನಿಂತ ಜಾಗದಿಂದ ಕಳಚಿಕೊಂಡು ಹೋಗೋ ಕಾಲು ಬೇಕು. ನನಗೆ ಆ ಕಾಲು ಇರಲಿಲ್ಲ, ಡಾಲೋಟ್‌ಗೂ ಇಲ್ಲ.

ಎಡಗಡೆ ಆಡಿದ ಮ್ಯಾಚ್ ಯಾವುದಾದ್ರೂ ಒಂದು ಮತ್ತೆ ಹಾಕಿ, ಚೆಂಡು ಬಿಟ್ಟು ಅವನ ಕಾಲು ಮಾತ್ರ ನೋಡಿ. ಡಿ ಲಿಖ್ಟ್ ಬಲಗಡೆಯಿಂದ ಅಡ್ಡಕ್ಕೆ ಉದ್ದ ಪಾಸ್ ಹೊಡೀತಾರೆ. ಒಬ್ಬ ಎಡಗಾಲಿನವನಾದ್ರೆ ಅದನ್ನ ಎಡಗಾಲಲ್ಲಿ ಮುಂದಕ್ಕೆ ತಳ್ಕೊಂಡು ಅದೇ ಓಟದಲ್ಲಿ ಕ್ರಾಸ್ ಕೊಡ್ತಾನೆ. ಡಾಲೋಟ್ ಬಲಗಾಲಲ್ಲಿ ಒಳಕ್ಕೆ ತಗೋತಾನೆ, ಎದೆ ಮಧ್ಯ ಮೈದಾನದ ಕಡೆ ತಿರುಗುತ್ತೆ, ಅಷ್ಟರಲ್ಲಿ ಎದುರಾಳಿ ಇಬ್ಬರಾಗಿರ್ತಾರೆ. ಇನ್ನೇನು, ಹಿಂದೆ ಸ್ಟಾಪರ್‌ಗೆ, ಅಂದ್ರೆ ಮಧ್ಯದ ಡಿಫೆಂಡರ್‌ಗೆ ಪಾಸ್. ಪೆನಾಲ್ಟಿ ಬಾಕ್ಸಲ್ಲಿ ಓಡೋಕೆ ಶುರು ಮಾಡಿದ್ದ ಹೊಯ್ಲುಂಡ್ ಕೈ ಚೆಲ್ಲಿ ವಾಪಸ್ ಬರ್ತಾನೆ. ಇದು ಒಂದು ಅರ್ಧದಲ್ಲೇ ಎಷ್ಟು ಸಲ! ಲೀಗಲ್ಲಿ ಬರೀ 44 ಗೋಲು ಹೊಡೆದ ಟೀಮು ಇದು. ಹೊಯ್ಲುಂಡ್‌ಗೆ ಬೈಯೋ ಮೊದಲು ಆ ಚೆಂಡುಗಳೆಲ್ಲ ಎಲ್ಲಿ ನಿಂತವು ಅಂತ ಕೇಳ್ಬೇಕು.

ಈಗ ಲಿಯೋನ್ ಎದುರಿನ ಆ 5-4 ರಾತ್ರಿ ನೆನಪು ಮಾಡ್ಕೊಳ್ಳಿ. ಹಾಫ್‌ಟೈಮ್‌ಗೆ ಸ್ವಲ್ಪ ಮುಂಚೆ ಎರಡನೇ ಗೋಲು ಡಾಲೋಟ್‌ದು. ಹೇಗೆ ಬಂತು? ಮ್ಯಾಗ್ವೈರ್ ಹಿಂದಿನಿಂದ ಉದ್ದಕ್ಕೆ ಕೊಟ್ರು, ಇವನು ಬಲಗಡೆ ಖಾಲಿ ಜಾಗಕ್ಕೆ ಓಡಿ ಹೊಡೆದ. ಓಡೋಕೆ ಜಾಗ ಕೊಡಿ, ಹುಡುಗ ಕೆಲಸ ಮಾಡ್ತಾನೆ. ನಿಲ್ಲಿಸಿ ಚೆಂಡು ಕೊಡಬೇಡಿ.

ಧಾರವಾಡ ಸ್ಟ್ರೈಕರ್

ಆಸ್ಟಿನ್‌ಟೌನ್ ಅಣ್ಣಾರ, ಭಾಳ ಚಲೋ ಬರದೀರಿ. ಆದ್ರ ಒಂದು ಕೇಳ್ತೀನ್ರಿ. ಫುಲ್-ಬ್ಯಾಕ್ ಆಡಿದಾವ್ರು ವಿಂಗ್-ಬ್ಯಾಕ್ ಆಗೇ ಇಲ್ಲೇನ್ರಿ? ಟ್ರಿಪ್ಪಿಯರ್ 2018ರ ವರ್ಲ್ಡ್ ಕಪ್ಪಿನ್ಯಾಗ ಇಂಗ್ಲೆಂಡಿಗೆ ವಿಂಗ್-ಬ್ಯಾಕ್ ಆಡಿ ಸೆಮಿಫೈನಲ್‌ದಾಗ ಫ್ರೀಕಿಕ್ ಗೋಲ್ ಹೊಡದಾ. ಲೆವರ್‌ಕುಸನ್‌ದಾಗ ಗ್ರಿಮಾಲ್ಡೊ ಇದ್ದಾನ, ಬೆನ್ಫಿಕಾದಾಗ ಲೆಫ್ಟ್-ಬ್ಯಾಕ್ ಆಡ್ತಿದ್ದಾಂವ. 2023-24ರಾಗ ಒಂದೂ ಸೋಲದ ಬುಂಡೆಸ್‌ಲೀಗಾ ಗೆದ್ದ ಟೀಮಿನ್ಯಾಗ ಅವನ ಎಡಗಾಲು ಎಷ್ಟು ಕೆಲಸ ಮಾಡ್ತು. ಅಮೋರಿಮ್ ಅವ್ರು ಮೊದಲ ಕೋಚ್ ಆಗಿದ್ದ ಪೋರ್ಚುಗಲ್‌ನ ಸ್ಪೋರ್ಟಿಂಗ್‌ದಾಗ ಪೋರೊ, ನೂನೊ ಮೆಂಡೆಸ್ ಇಬ್ಬರೂ ಇದ ಜಾಗಾದಾಗ ಆಡಿ 2021ರಾಗ ಲೀಗ್ ಗೆದ್ರು, ಅದೂ 19 ವರ್ಷದ ಮ್ಯಾಲ. ಅಂದ್ರ ಆಗೂದಿಲ್ಲ ಅನ್ನೂದು ತಪ್ಪ ಆಗ್ತದ. ಡಾಲೋಟ್ ಕೈಲೆ ಯಾಕ ಆಗಲಿಲ್ಲ ಅನ್ನೂದ ಹೇಳ್ರಿ.

ಆಸ್ಟಿನ್‌ಟೌನ್ ನಂಬರ್ 2

ಒಳ್ಳೆ ಪ್ರಶ್ನೆ ಧಾರವಾಡದವರೇ. ನೀವು ಹೇಳಿದವರ ಕಾಲು ನೋಡಿ. ಟ್ರಿಪ್ಪಿಯರ್‌ಗೆ ಯಾರನ್ನೂ ದಾಟೋದೇ ಬೇಡ, ನಿಂತಲ್ಲಿಂದ ಚೆಂಡನ್ನ ಬೇಕಾದವನ ತಲೆ ಮೇಲೆ ಇಡ್ತಾನೆ. ಗ್ರಿಮಾಲ್ಡೊನೂ ಹಾಗೇ. ಮೆಂಡೆಸ್ ಹತ್ರ ವೇಗ, ಪೋರೊ ಹತ್ರ ಶಾಟು, ಕ್ರಾಸು ಎರಡೂ. ಮೇಲೆ ನಿಂತಾಗ ಉಪಯೋಗಕ್ಕೆ ಬರೋದು ಏನಾದ್ರೂ ಒಂದು ಇವರ ಹತ್ರ ಇದೆ. ಡಾಲೋಟ್ ಎಲ್ಲದರಲ್ಲೂ ಪರವಾಗಿಲ್ಲ ಅನ್ನೋ ಆಟಗಾರ. ಫುಲ್-ಬ್ಯಾಕ್‌ಗೆ ಅದು ಸಾಕು, ವಿಂಗ್-ಬ್ಯಾಕ್‌ಗೆ ಸಾಲದು.

ಅದಕ್ಕೇ ನನಗೆ ಕೋಚ್ ಕಾಂಟೆಯವರ ಕಾಲದ ಚೆಲ್ಸಿ ನೆನಪಾಗೋದು. 2016ರ ಸೆಪ್ಟೆಂಬರಲ್ಲಿ ಆರ್ಸೆನಲ್ ಹತ್ರ 3-0 ಏಟು ತಿಂದ ಮೇಲೆ 3-4-3ಗೆ ಬದಲಾಯಿಸಿದ್ರು. ಆಮೇಲೆ ಸತತ 13 ಗೆಲುವು, 93 ಪಾಯಿಂಟ್, ಟೈಟಲ್. ಅದರಲ್ಲಿ ಫುಲ್-ಬ್ಯಾಕ್‌ಗಳನ್ನ ಏನು ಮಾಡಿದ್ರು ನೋಡಿ. ವರ್ಷಾನುಗಟ್ಟಲೆ ರೈಟ್-ಬ್ಯಾಕ್ ಆಡಿದ ಇವಾನೊವಿಚ್‌ನ ಬೆಂಚಿಗೆ ಕೂರಿಸಿದ್ರು, ಜನವರಿಗೆ ಕ್ಲಬ್ಬೇ ಬಿಟ್ಟು ಹೋದ. ಆಸ್ಪಿಲಿಕ್ವೆಟಾನ ಮೂವರಲ್ಲಿ ಬಲಗಡೆ ಸ್ಟಾಪರ್ ಮಾಡಿದ್ರು. ಬಲಗಡೆ ವಿಂಗ್-ಬ್ಯಾಕ್ ಜಾಗಕ್ಕೆ ತಂದಿದ್ದು ವಿಕ್ಟರ್ ಮೋಸೆಸ್‌ನ: ಲಿವರ್‌ಪೂಲ್, ಸ್ಟೋಕ್, ವೆಸ್ಟ್ ಹ್ಯಾಮ್ ಅಂತ ಲೋನ್ ಮೇಲೆ ಊರೂರು ಸುತ್ತಿ ಬಂದಿದ್ದ ವಿಂಗರ್! ಇಂಗ್ಲೆಂಡಲ್ಲೂ ಅಷ್ಟೇ, ಟ್ರಿಪ್ಪಿಯರ್ ಹೊರಗಡೆ ನಿಂತಾಗ ಕೈಲ್ ವಾಕರ್ ಎಲ್ಲಿದ್ದ? ಮೂವರ ಡಿಫೆನ್ಸಲ್ಲಿ ಬಲಗಡೆ. ಓಡಿ ಹಿಡಿಯೋ ವೇಗ ಇರೋ, ಚೆಂಡು ಕಾಲಲ್ಲಿದ್ರೆ ಹೆದರದ ಫುಲ್-ಬ್ಯಾಕ್‌ಗೆ ಅದೇ ಜಾಗ.

ನಮ್ಮಲ್ಲೂ ಈ ಎರಡು ಕೆಲಸ ಬೇರೆ ಬೇರೆಯವರಿಂದ ಆಗಿದೆ, ಗಮನಿಸಿ. ಅಮೋರಿಮ್ ಅವರ ಮೊದಲ ಮ್ಯಾಚು ಇಪ್ಸ್‌ವಿಚ್ ಎದುರು. ಬಲಗಡೆ ವಿಂಗ್-ಬ್ಯಾಕ್ ಅಮಾದ್, ಅಂದ್ರೆ ವಿಂಗರ್. ಎರಡನೇ ನಿಮಿಷಕ್ಕೇ ಅವನ ಪಾಸಿಂದ ರಾಶ್‌ಫೋರ್ಡ್ ಗೋಲು. ಆಮೇಲೆ ಫುಲ್-ಬ್ಯಾಕ್ ಮಜರಾವಿಯನ್ನ ಎಷ್ಟೋ ಸಲ ಮೂವರಲ್ಲಿ ಬಲಗಡೆ ಸ್ಟಾಪರ್ ಆಗಿ ಆಡಿಸಿದ್ರು, ಚೆನ್ನಾಗೇ ಆಡಿದ. ಡಾಲೋಟ್‌ನ ಮಾತ್ರ ಹೊರಗಡೆಗೇ ಬಿಟ್ರು. ನನಗೆ ಅರ್ಥ ಆಗದೇ ಇರೋದು ಇದೊಂದೇ.

ಮಂಗ್ಳೂರು ರೆಡ್

ಫುಲ್-ಬ್ಯಾಕನ್ನು ಮೂವರಲ್ಲಿ ಒಬ್ಬ ಮಾಡಿದ್ರೆ ಎಂತ ಆಗ್ತದೆ ಅಂತ ಬಿಲ್ಬಾವೊದಲ್ಲಿ ನೋಡಿ ಆಯ್ತಲ್ಲ ಸರ್. ಎಡಗಡೆ ಸ್ಟಾಪರ್ ಯಾರು? ಲೂಕ್ ಶಾ. ಸ್ಪರ್ಸ್‌ನ ಪಾಪೆ ಸಾರ್ ಕೊಟ್ಟ ಕ್ರಾಸು, ಬ್ರೆನನ್ ಜಾನ್ಸನ್, ಶಾ ಮೈಗೆ ತಾಗಿ ಒಳಗೆ. 42ನೇ ನಿಮಿಷ. ಪೆನಾಲ್ಟಿ ಬಾಕ್ಸಿನೊಳಗೆ ಹೆಗಲಿಗೆ ಹೆಗಲು ಕೊಟ್ಟು ನಿಲ್ಲುವುದು ಫುಲ್-ಬ್ಯಾಕ್‌ಗೆ ಅಭ್ಯಾಸ ಇಲ್ಲ. ಡಾಲೋಟ್ ಫಾರ್ ಪೋಸ್ಟಿನಲ್ಲಿ, ಅಂದ್ರೆ ಕ್ರಾಸಿಗೆ ದೂರದ ಗೋಲುಕಂಬದ ಹತ್ತಿರ, ಚೆಂಡನ್ನೇ ನೋಡ್ತಾ ಹಿಂದಿನವನನ್ನು ಮರೆಯುವುದು ನೀವೂ ನೋಡಿದ್ದೀರಿ. ಅವನನ್ನು ಗೋಲಿಗೆ ಇನ್ನೂ ಹತ್ತಿರ ತಂದು ನಿಲ್ಲಿಸಿದ್ರೆ ತಲೆಬಿಸಿ ಹೆಚ್ಚಾಗುವುದೇ.

ಅಮಾದ್ ವಿಷಯದಲ್ಲಿ ನಾನು ನಿಮ್ಮ ಜೊತೆಗೇ ಇದ್ದೇನೆ. ಫೆಬ್ರವರಿಯಲ್ಲಿ ಅವನ ಕಣಕಾಲು ಹೋದ ಮೇಲೆ ಬಲಗಡೆ ಸತ್ತೇ ಹೋಯ್ತು. ಅವನು ಇದ್ದರೆ ಡಾಲೋಟ್ ಬಗ್ಗೆ ಇಷ್ಟು ಮಾತೇ ಬರ್ತಿರ್ಲಿಲ್ಲ.

ಕೆಂಪಂಗಿ ಶಿವಮೊಗ್ಗ

ಮಂಗ್ಳೂರಿನವರೇ, ಶಾ ಉದಾಹರಣೆ ಒಪ್ಪೋಕೆ ಕಷ್ಟ. ಸೀಸನ್ ಪೂರ್ತಿ ಗಾಯದಲ್ಲಿದ್ದು, ಸ್ಟಾಪರ್ ಲಿಸಾಂಡ್ರೊ ಮಂಡಿ ಹೋಗಿದ್ದಕ್ಕೆ ಕೊನೇಲಿ ತಂದು ನಿಲ್ಲಿಸಿದವರು ಅವರು. ಆ ಗೋಲಲ್ಲಿ ಚೆಂಡು ಯಾರ ಮೈಗೆ ಬಡಿದು ಎಲ್ಲಿಗೆ ಹೋಯ್ತು ಅಂತ ರಿಪ್ಲೇ ನೋಡಿದ್ರೂ ತಿಳಿಯೋದು ಕಷ್ಟ. ಅದರಿಂದ ಜಾಗದ ತೀರ್ಮಾನ ಮಾಡೋಕಾಗಲ್ಲ. ಆದ್ರೆ ಫಾರ್ ಪೋಸ್ಟ್ ಮಾತು ಖರೆ, ಅದು ನನಗೂ ಭಯವೇ.

ಆಸ್ಟಿನ್‌ಟೌನ್ ಅಣ್ಣ, ನೀವು ಬರೆದ ಕಾಲಿನ ವಿಷಯ ಓದಿ ಲಿವರ್‌ಪೂಲ್ ಎದುರು ಆನ್‌ಫೀಲ್ಡಿನ 2-2 ಮ್ಯಾಚ್ ಮತ್ತೆ ಹಾಕಿ ನೋಡಿದೆ. ಅಲ್ಲಿ ಡಾಲೋಟ್ ಎಡಗಡೆ ಇದ್ದೂ ಚೆನ್ನಾಗೇ ಕಾಣ್ತಾನೆ. ಕಾರಣ ಈಗ ಗೊತ್ತಾಗ್ತಿದೆ. ಆ ದಿನ ಅವರ ರೈಟ್-ಬ್ಯಾಕ್ ಟ್ರೆಂಟ್ ಮೇಲೆ ಹೋಗಿ ಹೋಗಿ ಹಿಂದೆ ಜಾಗ ಬಿಡ್ತಿದ್ದ, ನಮ್ಮವರು ಚೆಂಡು ಕಿತ್ತುಕೊಂಡ ತಕ್ಷಣ ಇವನಿಗೆ ಓಡೋಕೆ ದಾರಿ ಇತ್ತು. ದೊಡ್ಡ ಟೀಮುಗಳು ಮೇಲೆ ಬಿದ್ದು ಆಡಿದಾಗ ಇವನ ಕೆಲಸ ಸುಲಭ. ಓಲ್ಡ್ ಟ್ರಾಫರ್ಡಿಗೆ ಬಂದು ಹನ್ನೊಂದು ಜನ ಹಿಂದೆ ಕೂತಾಗಲೇ ಬಣ್ಣ ಬಯಲಾಗೋದು. 2019ರಲ್ಲಿ ಪಿಎಸ್‌ಜಿ ಎದುರು ಪ್ಯಾರಿಸ್ಸಲ್ಲಿ ಸಬ್ ಆಗಿ ಬಂದು ಇವನು ಹೊಡೆದ ಶಾಟು ಕಿಂಪೆಂಬೆ ಕೈಗೆ ಬಡಿದು ಪೆನಾಲ್ಟಿ ಸಿಕ್ಕಾಗ ಮನೆಯವರನ್ನೆಲ್ಲ ಎಬ್ಬಿಸಿದವನು ನಾನು. ಆ ಹುಡುಗನ್ನ ಹೀಗೆ ಟಚ್‌ಲೈನಿಗೆ ಕಟ್ಟಿ ಹಾಕಿದ್ದು ನೋಡೋಕಾಗ್ತಿಲ್ಲ.

ಸರಿ, ಹಾಗಾದ್ರೆ ಮುಂದಿನ 2025-26 ಸೀಸನ್‌ಗೆ ಬಲಗಡೆ ಅಮಾದ್ ವಿಂಗ್-ಬ್ಯಾಕ್, ಎಡಗಡೆ ದೋರ್ಗು. ಹೊಸ ಫಾರ್ವರ್ಡ್ ಕುನ್ಯಾ ಬಂದಾಗಿದೆ, ಒಳಗಡೆ ನಂಬರ್ 10ಕ್ಕೆ ಅಮಾದ್ ಬೇಕೇ ಬೇಕು ಅಂತೇನಿಲ್ಲ. ಬಲಗಡೆ ಸ್ಟಾಪರ್ ಡಾಲೋಟ್. ಇದು ನಡೆಯುತ್ತಾ?

ಧಾರವಾಡ ಸ್ಟ್ರೈಕರ್

ಮತ್ತ ಸ್ಟಾಪರ್ ಯೋರೊ ಎಲ್ಲಿ ಹೋಗ್ಬೇಕ್ರಿ? ಆ ಹುಡುಗನ್ನ ಬೆಂಚಿನ ಮ್ಯಾಲ ಕುಂದರಿಸೂದು ನನಗ ಒಪ್ಪಿಗಿ ಇಲ್ಲ. ಅವನ ವಯಸ್ಸೆಷ್ಟು, ಓಡಿ ಹೋಗಿ ಚೆಂಡು ತಗೊಳ್ಳೂ ರೀತಿ ಎಂಥಾದ್ದು! ಡಾಲೋಟ್ ಬದಲಿ ಆಟಗಾರ ಆಗಿ ಇರಲಿ. ಬಲಕ್ಕೂ ಎಡಕ್ಕೂ ಹಿಂದಕ್ಕೂ ನಿಲ್ಲಾಂವ ಒಬ್ಬ ಬೇಕಾಗ್ತಾನ. 38 ಮ್ಯಾಚ್ ಮೊದಲ ಹನ್ನೊಂದರಾಗ ಬ್ಯಾಡ, ಅಷ್ಟ.

ಆಸ್ಟಿನ್‌ಟೌನ್ ನಂಬರ್ 2

ಯೋರೊನ ಕೂರಿಸಿ ಅಂತ ನಾನೂ ಹೇಳಲ್ಲ. ಡಿ ಲಿಖ್ಟ್ ಅಥವಾ ಮ್ಯಾಗ್ವೈರ್ ಇಲ್ಲದ ದಿನ ಯೋರೊ ಮಧ್ಯಕ್ಕೆ ಬಂದು, ಡಾಲೋಟ್ ಬಲಗಡೆ. ನಮ್ಮ ಟೀಮಲ್ಲಿ ಅಂಥ ದಿನಗಳಿಗೇನೂ ಬರ ಇಲ್ಲ. ಎದುರಾಳಿ ಹಿಂದೆ ಕೂತಾಗ ಇದು ಇನ್ನೂ ಉಪಯೋಗ. ಅಮಾದ್ ಟಚ್‌ಲೈನಲ್ಲಿ ಇಬ್ಬರನ್ನ ಎಳ್ಕೊಂಡು ನಿಂತ್ರೆ, ಹಿಂದಿನಿಂದ ಡಾಲೋಟ್ ಒಳ ದಾರೀಲಿ ಓಡಿ ಬರ್ತಾನೆ. ಫುಲ್-ಬ್ಯಾಕ್ ಆಗಿದ್ದಾಗ ಅವನಿಗೆ ಸಿಗ್ತಿದ್ದ ಓಟ ಅಲ್ಲಿ ಮತ್ತೆ ಸಿಗುತ್ತೆ.

ಫಾರ್ ಪೋಸ್ಟ್ ವಿಷಯ ಮಂಗ್ಳೂರಿನವರು ಹೇಳಿದ್ದು ಸರಿ, ಅದನ್ನ ಟ್ರೇನಿಂಗಲ್ಲೇ ತಿದ್ದಬೇಕು. 2025ರ ಜುಲೈ ಕೊನೆಗೆ, ಆಗಸ್ಟ್ ಶುರುವಿಗೆ ಅಮೆರಿಕದಲ್ಲಿ ವೆಸ್ಟ್ ಹ್ಯಾಮ್, ಬೋರ್ನ್‌ಮತ್, ಎವರ್ಟನ್ ಎದುರು ಮ್ಯಾಚ್ ಇವೆ, ಮೂರೂ ಪ್ರೀಮಿಯರ್ ಲೀಗ್ ಟೀಮುಗಳೇ. ಅದರಲ್ಲಿ ಒಂದರಲ್ಲಾದ್ರೂ ಪೂರ್ತಿ ಒಂದು ಅರ್ಧ ಇವನನ್ನ ಅಲ್ಲಿ ಆಡಿಸಿ ನೋಡಲಿ. ಆಗಸ್ಟ್ 17ಕ್ಕೆ ಆರ್ಸೆನಲ್ ಬರ್ತಾರೆ, ಪ್ರಯೋಗ ಮಾಡೋ ಮ್ಯಾಚ್ ಅದಲ್ಲ.

ಮಂಗ್ಳೂರು ರೆಡ್

ಅದಕ್ಕೆ ನನ್ನ ಒಪ್ಪಿಗೆ ಉಂಟು. ಎವರ್ಟನ್ ಎದುರು ಆಡಿಸಲಿ. ಕಾರ್ನರ್, ಉದ್ದ ಕ್ರಾಸ್ ಎಲ್ಲ ಅವರಿಂದ ಬರ್ತದೆ, ಫಾರ್ ಪೋಸ್ಟಿನಲ್ಲಿ ಡಾಲೋಟ್ ಯಾರನ್ನು ಹಿಡಿದಿದ್ದಾನೆ ಅಂತ ಅಲ್ಲೇ ಗೊತ್ತಾಗ್ತದೆ.